ಪೊಟ್ಟಣದ ಮುಂದೆಯೇ ಬರೆಯೋಣ: ಕಾಫಿ ಎಷ್ಟು, ಚಿಕೋರಿ ಎಷ್ಟು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ಮಧ್ಯಾಹ್ನ ದಾವಣಗೆರೆಯ ಒಬ್ಬ ತಾಯಿ ಚಿಕ್ಕಮಗಳೂರಿನ ನಮ್ಮ ಕಾಫಿಪುಡಿ ಅಂಗಡಿಗೆ ಬಂದು, ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಗಲ್ಲಾದ ಪಕ್ಕ ಇಟ್ಟರು. ನಮ್ಮ ಅಂಗಡಿಯದಲ್ಲ, ಬಾಬಾಬುಡನ್‌ಗಿರಿಗೆ ಹೋಗಿ ಇಳಿಯುವ ದಾರಿಯಲ್ಲಿ ಎಲ್ಲೋ ಕೊಂಡದ್ದು. ಮುಂಭಾಗದಲ್ಲಿ ಮೋಡ ಕವಿದ ಬೆಟ್ಟ, ಇಂಗ್ಲಿಷಿನಲ್ಲಿ ‘ಪ್ಯೂರ್ ಎಸ್ಟೇಟ್ ಫಿಲ್ಟರ್ ಕಾಫಿ’ ಎಂಬ ದೊಡ್ಡ ಅಕ್ಷರ. ‘ಅಮ್ಮಾ, ಇದರಲ್ಲಿ ಚಿಕೋರಿ ಇದೆಯಾ? ನಮ್ಮನೆಯವರಿಗೆ ಚಿಕೋರಿ ಆಗಲ್ಲ, ಅಂಗಡಿಯವರು ಇಲ್ಲ ಅಂದ್ರು’ ಎಂದು ಕೇಳಿದರು. ಚಿಕೋರಿ ಎಂದರೆ ಕಾಫಿಪುಡಿಗೆ ಬೆರೆಸುವ, ಹುರಿದ ಬೇರಿನ ಪುಡಿ. ನಾನು ಕನ್ನಡಕ ಹಾಕಿಕೊಂಡು ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ ಅವರ ಮಗ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದ ಮೇಲೆ ಸಿಕ್ಕಿತು. ಹಿಂಬದಿಯ ಮಡಿಕೆಯ ಹತ್ತಿರ, ಸಾಸಿವೆ ಗಾತ್ರದ ಅಕ್ಷರದಲ್ಲಿ: ಕಾಫಿ ಶೇ 53, ಚಿಕೋರಿ ಶೇ 47.

ಆ ತಾಯಿ ಏನೂ ಮಾತಾಡಲಿಲ್ಲ. ಪೊಟ್ಟಣವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಆದರೆ ನಾನು ನೂರು ಗ್ರಾಂ ಅಪ್ಪಟ ಕಾಫಿಪುಡಿ ಕಟ್ಟಿಕೊಡುವಾಗ, ನಮ್ಮ ತಕ್ಕಡಿಯನ್ನೂ ಅವರು ಅನುಮಾನದಿಂದಲೇ ನೋಡುತ್ತಿದ್ದರು. ಆ ನೋಟ ನನ್ನ ಮನಸ್ಸಿಗೆ ನಾಟಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಯಾರೋ ಒಬ್ಬ ಅಂಗಡಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮಾವನವರು 1971ರಲ್ಲಿ ಈ ಅಂಗಡಿ ಇಟ್ಟವರು. ಒಂದು ಹುರಿಯುವ ಡ್ರಮ್ಮು, ಒಂದು ಬೀಸುವ ಯಂತ್ರ, ಗೋಡೆಯ ಮೇಲೆ ಕರಿಹಲಗೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಅಪ್ಪಟ’, ‘80-20’, ‘60-40’ ಎಂದು ಮೂರೇ ಸಾಲು (ಮೊದಲನೆಯದು ಕಾಫಿಯ ಭಾಗ, ಎರಡನೆಯದು ಚಿಕೋರಿಯದು), ಎದುರಿಗೆ ದರ. ಗಿರಾಕಿಗಳು ಪುಡಿ ಕೇಳುತ್ತಿದ್ದದ್ದೂ ಹಾಗೆಯೇ. ‘ಎಂಬತ್ತು-ಇಪ್ಪತ್ತು ಅರ್ಧ ಕೆಜಿ ಕೊಡಿ’ ಎಂದರೆ ಮುಗಿಯಿತು. ನಮ್ಮ ಯಜಮಾನರು ತೀರಿಕೊಂಡ ಮೇಲೆ, 2013ರಿಂದ ಅಂಗಡಿ ನನ್ನ ಕೈಯಲ್ಲಿದೆ. ಊರಿಗೆ ಪ್ರವಾಸಿಗರು ಹೆಚ್ಚಾದರು, ಅಕ್ಕಪಕ್ಕ ಹೊಳೆಯುವ ಅಂಗಡಿಗಳು ಬಂದವು. ನಾವು ಹಿಂದೆ ಬೀಳುತ್ತೇವೆ ಎಂಬ ಭಯ ಶುರುವಾಯಿತು. ಬೆಂಗಳೂರಿನ ಒಂದು ವಿನ್ಯಾಸ ಸಂಸ್ಥೆಗೆ ಒಂದು ಲಕ್ಷ ನಲವತ್ತು ಸಾವಿರ ಕೊಟ್ಟು ಹೊಸ ಪೊಟ್ಟಣ ಮಾಡಿಸಿದೆ. ಬಂದ ಹುಡುಗರು ವಿನಯವಂತರು, ಕೆಲಸ ಗೊತ್ತಿದ್ದವರು. ‘ಆಂಟಿ, ಈಗ ಪುಡಿ ಮಾರಬಾರದು, ಕಥೆ ಮಾರಬೇಕು’ ಎಂದರು. ಮೂರು ಪುಡಿಗೂ ಹೆಸರು ಇಟ್ಟರು: ‘ಒರಿಜಿನ್’, ‘ಹೆರಿಟೇಜ್’, ‘ಮಿಸ್ಟ್’. ಮೂರಕ್ಕೂ ಒಂದೇ ಕಂದು ಬಣ್ಣ, ಬೆಳ್ಳಿ ಗೆರೆಯ ಬೆಟ್ಟ. ಪ್ರಮಾಣದ ಸಾಲು ಮುಂದಿದ್ದರೆ ಅಂದ ಕೆಡುತ್ತದೆಂದು ಅದನ್ನು ಹಿಂದಕ್ಕೆ ಕಳಿಸಿದರು. ನಾನು ಒಪ್ಪಿಕೊಂಡೆ. ಕರಿಹಲಗೆಯನ್ನೂ ಇಳಿಸಿ ಅಟ್ಟಕ್ಕೆ ಹಾಕಿಸಿದೆ.

ಎರಡೇ ತಿಂಗಳಲ್ಲಿ ಪೆಟ್ಟು ಬಿತ್ತು. ನಮ್ಮಲ್ಲಿ ವರ್ಷಗಳಿಂದ ಪುಡಿ ಒಯ್ಯುವ ಅಡುಗೆ ಭಟ್ಟರೊಬ್ಬರು ಆಲ್ದೂರು ಕಡೆಯ ಒಂದು ಮದುವೆಗೆ ‘ಮಾಮೂಲಿ ಪುಡಿ ಐದು ಕೆಜಿ’ ಎಂದು ಫೋನಿನಲ್ಲಿ ಹೇಳಿದ್ದರು. ಅವರ ಮಾಮೂಲಿ 60-40. ನಾನು ಅಂದು ಕಡೂರಿಗೆ ಹೋಗಿದ್ದೆ. ಅಂಗಡಿಯ ಹೊಸ ಹುಡುಗನಿಗೆ ಮೂರು ಪೊಟ್ಟಣವೂ ಒಂದೇ ತರಹ ಕಂಡಿತು, ಅಪ್ಪಟ ಕಾಫಿಯ ‘ಒರಿಜಿನ್’ ಕಟ್ಟಿ ಕಳಿಸಿ ಲೆಕ್ಕಕ್ಕೆ ಬರೆದ. ಹೆಚ್ಚು ಬೆಲೆಯ ಪುಡಿ ಹೋದರೆ ಅವರಿಗೇನು ನಷ್ಟ ಎಂದು ಓದುವವರು ಕೇಳಬಹುದು. ಕಾಫಿ ಇಳಿಸುವವರಿಗೆ ಗೊತ್ತು. ಚಿಕೋರಿ ಇರುವ ಪುಡಿ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ, ಗಟ್ಟಿಯಾಗಿ, ಕಪ್ಪಗೆ ಇಳಿಯುತ್ತದೆ. ಅಪ್ಪಟ ಪುಡಿಗೆ ಅದೇ ಅಳತೆಯ ನೀರು ಹಾಕಿದರೆ ಬೇಗ ಇಳಿದುಬಿಡುತ್ತದೆ, ಡಿಕಾಕ್ಷನ್ ತೆಳು, ಹಾಲಿಗೆ ಬಣ್ಣ ಏರುವುದಿಲ್ಲ. ಭಟ್ಟರು ಬೆಳಿಗ್ಗೆ ಐದಕ್ಕೆ ತಮ್ಮ ಕೈಯಳತೆಯಲ್ಲಿ ಇಳಿಸಿದ್ದಾರೆ. ಬಣ್ಣ ಬರಲಿಲ್ಲವೆಂದು ಇನ್ನಷ್ಟು ಪುಡಿ ಸುರಿದಿದ್ದಾರೆ. ತಿಂಡಿಯ ಹೊತ್ತಿಗೇ ನಾಲ್ಕು ಕೆಜಿ ಖಾಲಿ. ದಿಬ್ಬಣ ಬಂದಾಗ ಕಾಫಿ ಸಾಲಲಿಲ್ಲ. ಹೆಣ್ಣಿನ ತಂದೆ ನೆಂಟರ ಎದುರು ಭಟ್ಟರನ್ನು ತರಾಟೆಗೆ ತೆಗೆದುಕೊಂಡರು.

ಮರುದಿನ ಭಟ್ಟರು ಅಂಗಡಿಗೆ ಬಂದರು. ಜಗಳ ಆಡಲಿಲ್ಲ. ಖಾಲಿ ಪೊಟ್ಟಣವನ್ನು ನನ್ನ ಮುಂದೆ ಬಿಡಿಸಿಟ್ಟು, ‘ಅಮ್ಮಾ, ಇದರಲ್ಲಿ ನಾನು ಓದುವಂಥದ್ದು ಏನಿದೆ, ನೀವೇ ತೋರಿಸಿ’ ಎಂದರು. ನನಗೆ ತೋರಿಸಲು ಆಗಲಿಲ್ಲ. ಆ ಮದುವೆ ಮನೆಯವರ ಕ್ಷಮೆ ಕೇಳಿ ಪುಡಿಯ ದುಡ್ಡು ಬಿಟ್ಟೆ, ಆದರೆ ಭಟ್ಟರ ಹೋದ ಮಾನವನ್ನು ನಾನು ತಂದುಕೊಡುವುದು ಹೇಗೆ?

ಉಳಿದ ಪೊಟ್ಟಣಗಳ ಮೇಲೆಲ್ಲ ಮೊದಲು ಸ್ಟಿಕ್ಕರ್ ಅಂಟಿಸಿದೆವು. ಆಮೇಲೆ ಹೊಸದಾಗಿ ಮುದ್ರಿಸಿದೆವು. ಈಗ ಮುಂಭಾಗದಲ್ಲಿ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ, ಕನ್ನಡದಲ್ಲಿ, ‘ಕಾಫಿ 80, ಚಿಕೋರಿ 20’ ಎಂದಿದೆ. ಅದರ ಕೆಳಗೆ ಕಾಫಿಯ ಎರಡು ಜಾತಿಗಳಾದ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಎಂಬ ಸಾಲು. ಹುರಿದ ದಿನ ರಬ್ಬರ್ ಮುದ್ರೆಯಲ್ಲಿ. ‘ಒಂದು ಲೋಟಕ್ಕೆ ಎರಡು ಚಮಚ, ಕುದಿಯುವ ನೀರು ಬೇಡ, ಕುದಿ ಇಳಿದ ನೀರು ಹಾಕಿ’ ಎಂದು ಮಾಡುವ ವಿಧಾನ. ಅಪ್ಪಟ ಪುಡಿಯ ಪೊಟ್ಟಣದ ಮೇಲೆ ಮಾತ್ರ ಇನ್ನೊಂದು ಸಾಲು: ‘ಇದರ ಡಿಕಾಕ್ಷನ್ ತೆಳುವಾಗಿ ಇಳಿಯುತ್ತದೆ, ಪುಡಿ ಸ್ವಲ್ಪ ಹೆಚ್ಚು ಬೇಕು.’ ಮೂರಕ್ಕೂ ಬೇರೆ ಬೇರೆ ಬಣ್ಣ. ಕರಿಹಲಗೆ ಅಟ್ಟದಿಂದ ಇಳಿದು ಹಳೆಯ ಮೊಳೆಗೇ ಬಂದಿದೆ.

ಚಿಕೋರಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಗುಜರಾತಿನಲ್ಲಿ, ಉತ್ತರ ಪ್ರದೇಶದಲ್ಲಿ ಬೆಳೆಯುವ ಬೇರು ಅದು. ಒಣಗಿಸಿ ಹುರಿದು ಪುಡಿ ಮಾಡುತ್ತಾರೆ, ಕೆಫೀನ್ ಇರುವುದಿಲ್ಲ. ನಮ್ಮ ಎಷ್ಟೋ ಮನೆಗಳಿಗೆ ಆ ಗಟ್ಟಿ ಕಪ್ಪು ಕಾಫಿಯೇ ರುಚಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಹೇಳಬೇಕು. ಅಲ್ಲಿಯವರೆಗೆ ಸರಿ. ಆದರೆ ಅದೇ ನಿಯಮ ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯಲ್ಲಿ ಬರೆದರೆ ಸಾಕು ಎನ್ನುತ್ತದೆ. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದು. ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯ ನಂತರ ಅಂಗಡಿಯ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ನಾವೆಲ್ಲ ಬೋರ್ಡು ಬದಲಾಯಿಸಿದೆವು. ಬಾಗಿಲ ಮೇಲೆ ಕನ್ನಡ ಬಂತು. ಒಳಗೆ ಗಿರಾಕಿಯ ಕೈಗೆ ಕೊಡುವ ಪೊಟ್ಟಣದಲ್ಲಿ, ಅವರು ಓದಲೇಬೇಕಾದ ಒಂದು ಸಾಲು ಮಾತ್ರ ಕನ್ನಡಕ್ಕೆ ಬರಲಿಲ್ಲ.

ಬೆಲೆಯ ವಿಷಯದಲ್ಲೂ ಇದೇ ಮಾತು. ಬ್ರೆಜಿಲ್‌ನ ಬರ, ವಿಯೆಟ್ನಾಂನ ಫಸಲು ಕುಸಿತ ಎಲ್ಲ ಸೇರಿ 2024ರಿಂದ ಬೀಜದ ಬೆಲೆ ಹೇಗೆ ಏರಿತು ಎಂಬುದು ಈ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಬೆಳೆಗಾರರಿಗೆ ಬಹಳ ವರ್ಷದ ಮೇಲೆ ಒಳ್ಳೆಯ ಕಾಲ ಬಂತು, ನನಗೆ ಸಂತೋಷವೇ. ಹುರಿದು ಮಾರುವವರಿಗೆ ಮಾತ್ರ ಕಷ್ಟವಾಯಿತು. ಒಂದು ಕೆಜಿ ಹಸಿ ಬೀಜ ಹುರಿದರೆ ಕೈಗೆ ಸಿಗುವುದು ಸುಮಾರು 830 ಗ್ರಾಂ, ಮಿಕ್ಕಿದ್ದು ಹೊಗೆ, ನೀರು, ಹೊಟ್ಟು. ಆಗ ವ್ಯಾಪಾರದಲ್ಲಿರುವ ಕೆಲವರು ನನಗೆ ಎರಡು ದಾರಿ ಹೇಳಿದರು. ಬೆಲೆ ಹಾಗೇ ಇಟ್ಟು ಚಿಕೋರಿ ಹತ್ತು ಭಾಗ ಹೆಚ್ಚಿಸು, ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲವೇ ಅರ್ಧ ಕೆಜಿ ಪೊಟ್ಟಣವನ್ನು 450 ಗ್ರಾಂ ಮಾಡು. ಎರಡು ರಾತ್ರಿ ಯೋಚಿಸಿದೆ. ಮೂರನೆಯ ದಿನ ಬೆಳಿಗ್ಗೆ ಹಲಗೆಯ ಮೇಲೆ ಬರೆದೆ: ‘ಬೀಜದ ಬೆಲೆ ಏರಿದೆ. 80-20 ಕೆಜಿಗೆ 560 ಇದ್ದದ್ದು ಇಂದಿನಿಂದ 680. ಪ್ರಮಾಣ ಬದಲಾಗಿಲ್ಲ. ತೂಕ ಬದಲಾಗಿಲ್ಲ.’ ಅದರ ಫೋಟೊವನ್ನೇ ಎಲ್ಲ ಗಿರಾಕಿಗಳಿಗೂ ವಾಟ್ಸಾಪಿನಲ್ಲಿ ಕಳಿಸಿದೆ.

ಎಲ್ಲರೂ ಮೆಚ್ಚಿದರು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಹೋಟೆಲಿನವರು ಬಿಟ್ಟುಹೋದರು, ಇನ್ನೂ ಬಂದಿಲ್ಲ. ಎಷ್ಟೋ ಮನೆಯವರು ಅರ್ಧ ಕೆಜಿ ಒಯ್ಯುವವರು ಕಾಲು ಕೆಜಿಗೆ ಇಳಿದರು. ಆದರೆ ‘ಈ ಸಲ ಪುಡಿ ಯಾಕೋ ಮೊದಲಿನಂತಿಲ್ಲ’ ಎಂಬ ಮಾತನ್ನು ಒಬ್ಬರಿಂದಲೂ ಕೇಳಲಿಲ್ಲ. ನನಗೆ ನಿದ್ದೆ ಬಂದಿದ್ದು ಅದರಿಂದ.

ನಮ್ಮ ಊರಿನ ಹೆಸರಿಗೆ ಈಗ ಬೆಲೆ ಇದೆ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ, ಅಂದರೆ ಆ ಹೆಸರು ಆ ಜಾಗದ ಬೆಳೆಗೇ ಮೀಸಲು ಎಂಬ ಗುರುತು, ಸಿಕ್ಕಿದೆ. 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ನಡೆದಿದೆ. ಆ ಹೆಸರು ನೋಡಿಯೇ ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯಿಂದ ಬಂದವರು ಪುಡಿ ಕೊಳ್ಳುತ್ತಾರೆ. ಅರ್ಧದಷ್ಟು ಚಿಕೋರಿ, ಮಿಕ್ಕಿದ್ದು ಎಲ್ಲಿಯದೋ ಬೀಜ ಹಾಕಿ ಮುಂದೆ ‘ಚಿಕ್ಕಮಗಳೂರು ಕಾಫಿ’ ಎಂದು ಬೆಟ್ಟದ ಚಿತ್ರ ಹಾಕಿದರೆ, ಅವರು ಮನೆಗೆ ಹೋಗಿ ಕಾಫಿ ಮಾಡಿ ಕುಡಿದು, ಚಿಕ್ಕಮಗಳೂರು ಕಾಫಿ ಅಂದರೆ ಇಷ್ಟೇ ಎಂದುಕೊಳ್ಳುತ್ತಾರೆ. ಈ ನಷ್ಟ ನಮ್ಮೊಬ್ಬರ ಅಂಗಡಿಯದಲ್ಲ, ತೋಟದಲ್ಲಿ ಹಣ್ಣು ಕುಯ್ಯುವವರವರೆಗೂ ಮುಟ್ಟುತ್ತದೆ.

ಅದಕ್ಕೆ ನನ್ನ ಕೋರಿಕೆ ಇಷ್ಟು. ಕಾಫಿ ಮಂಡಳಿಯವರು ‘ಕಾಪಿ ಶಾಸ್ತ್ರ’ ತರಬೇತಿಯಲ್ಲಿ ಹುರಿಯುವುದು, ರುಚಿ ನೋಡುವುದು ಕಲಿಸುತ್ತಾರೆ. ಅದರ ಜೊತೆಗೆ ಅರ್ಧ ದಿನ, ಪೊಟ್ಟಣದ ಮೇಲೆ ಏನನ್ನು ಹೇಗೆ ಬರೆಯಬೇಕು ಎಂಬುದನ್ನೂ ಕನ್ನಡದಲ್ಲಿ ಹೇಳಿಕೊಡಲಿ. ಜಿಲ್ಲಾಡಳಿತ ಗಿರಿಯ ದಾರಿಯ ಅಂಗಡಿಗಳಲ್ಲಿ ಕಾಫಿ-ಚಿಕೋರಿ ಪ್ರಮಾಣವನ್ನು ಕನ್ನಡದಲ್ಲಿ, ನಿಂತಲ್ಲಿಂದಲೇ ಓದುವ ಗಾತ್ರದಲ್ಲಿ ಹಾಕುವಂತೆ ತಿಳಿಸಲಿ. ವಿನ್ಯಾಸ ಮಾಡಿಸುವುದು ತಪ್ಪಲ್ಲ, ಇನ್‌ಸ್ಟಾಗ್ರಾಂನಲ್ಲಿ ವಿಡಿಯೊ ಹಾಕುವುದೂ ತಪ್ಪಲ್ಲ. ನಮ್ಮ ತಂಗಿಯ ಮಗ ನಮಗೂ ಹಾಕಿಕೊಡುತ್ತಾನೆ, ಅದರಿಂದ ಗಿರಾಕಿಗಳೂ ಬಂದಿದ್ದಾರೆ. ಅವರು ಬಂದ ಮೇಲೆ ಕೇಳುವ ಮೊದಲ ಪ್ರಶ್ನೆಗೆ ಉತ್ತರ ಪೊಟ್ಟಣದ ಮುಂದೆಯೇ ಇರಲಿ ಎಂಬುದಷ್ಟೇ ನನ್ನ ಮಾತು.

ಪುಡಿ ವ್ಯಾಪಾರ ಮಾಡುವ ಯಾರಿಗಾದರೂ ನಮ್ಮ ಪೊಟ್ಟಣದ ಒಕ್ಕಣೆ ಬೇಕಿದ್ದರೆ ಹಾಗೇ ನಕಲು ಮಾಡಿಕೊಳ್ಳಬಹುದು. ನನ್ನದೇನೂ ಹಕ್ಕಿಲ್ಲ. ಮಾರ್ಕೆಟ್ ರಸ್ತೆಯಲ್ಲಿ ಹುರಿಯುವ ವಾಸನೆ ಹಿಡಿದು ಬಂದರೆ ಅಂಗಡಿ ಸಿಗುತ್ತದೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹುರಿಯುತ್ತೇವೆ.

— ಕಾಫಿಪುಡಿ ಅಂಗಡಿಯ ಗೃಹಿಣಿ, ಮಾರ್ಕೆಟ್ ರಸ್ತೆ, ಚಿಕ್ಕಮಗಳೂರು