ಪ್ರಾರ್ಥನೆ ಯಾರ ಕಿವಿಗೆ?

ಮಾನ್ಯ ಸಂಪಾದಕರೇ,

ಕ್ರೈಸ್ತರ ಪ್ರಾರ್ಥನೆಯ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಈಚೆಗೆ ಎರಡು ಪತ್ರಗಳು ಬಂದಿದ್ದವು. ದೇವರು ತಂದೆಯಾಗಿರುವಾಗ ಆತನೊಡನೆ ಮಾತನಾಡಲು ಮೊಣಕಾಲೂರುವುದು, ಬರೆದಿಟ್ಟ ಪ್ರಾರ್ಥನೆಗಳನ್ನು ಓದುವುದು ಇವೆಲ್ಲದರ ಹಂಗೇಕೆ, ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಹೇಳುವುದೇ ಯಥಾರ್ಥತೆಯಲ್ಲವೇ ಎಂದು ಒಬ್ಬರು ಕೇಳಿದ್ದರು. ಇನ್ನೊಬ್ಬರು ಅದಕ್ಕೆ ಉತ್ತರವಾಗಿ, ಗೆಳೆಯನ ಹೆಗಲ ಮೇಲೆ ಕೈಹಾಕಿದಂತೆ ದೇವರನ್ನು ಮಾತನಾಡಿಸುವ ಈ ಕಾಲದಲ್ಲಿ ಭಯಭಕ್ತಿ ಎಂಬುದೇ ಉಳಿದಿಲ್ಲವೆಂದು ನೊಂದು ಬರೆದಿದ್ದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಭಯಭಕ್ತಿಯನ್ನೂ ಯಥಾರ್ಥತೆಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕೆಂಬಂತೆ ಇಬ್ಬರೂ ವಾದಿಸಿದ್ದಾರೆ. ಹಲವು ವರ್ಷ ಸಭೆಯಲ್ಲಿ ಪ್ರಾರ್ಥನೆ ನಡೆಸಿದ, ಆ ಕೆಲಸದಲ್ಲಿ ಸಾಕಷ್ಟು ಎಡವಿಯೂ ಇರುವ ನನಗೆ ಕಂಡದ್ದು ಬೇರೆ. ಇವೆರಡೂ ಉಳಿದರೆ ಒಟ್ಟಿಗೆ ಉಳಿಯುತ್ತವೆ, ಕೆಟ್ಟರೆ ಒಟ್ಟಿಗೆ ಕೆಡುತ್ತವೆ. ಕೆಡುವುದು, ಪ್ರಾರ್ಥಿಸುವವನು ದೇವರಿಗೆ ಹೇಳುವುದನ್ನು ಬಿಟ್ಟು ಸುತ್ತ ಕುಳಿತವರಿಗೆ ಕೇಳಿಸಲು ಹೊರಟಾಗ.

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಪ್ರಾರ್ಥನೆಯ ವಿಷಯ ಎತ್ತಿದೊಡನೆ ಎಚ್ಚರಿಸುವುದೇ ಇದರ ಬಗ್ಗೆ. ಸಭಾಮಂದಿರಗಳಲ್ಲಿಯೂ ಬೀದಿ ಚೌಕಗಳಲ್ಲಿಯೂ ನಿಂತು, ಜನ ನೋಡಲೆಂದು ಪ್ರಾರ್ಥಿಸುವವರಿಗೆ ಬರತಕ್ಕ ಫಲ ಆಗಲೇ ಬಂದಾಯಿತು ಎನ್ನುತ್ತಾನೆ. ಮೂಲ ಗ್ರೀಕಿನಲ್ಲಿ ಅಲ್ಲಿರುವ ಕ್ರಿಯಾಪದ, ಹಣ ಪೂರ್ತಿ ಸಂದಿತೆಂದು ಆ ಕಾಲದವರು ಬರೆದುಕೊಡುತ್ತಿದ್ದ ರಸೀದಿಗಳಲ್ಲಿ ಕಾಣುವ ಮಾತು. ಅಂದರೆ ಲೆಕ್ಕ ಚುಕ್ತಾ. ಯಾರ ಮೆಚ್ಚುಗೆ ಬೇಕಿತ್ತೋ ಅವರು ಮೆಚ್ಚಿದರು. ದೇವರ ಕಡೆಯಿಂದ ಬರಬೇಕಾದ ಬಾಕಿ ಏನೂ ಇಲ್ಲ.

ಬೀದಿ ಚೌಕದಲ್ಲಿ ನಿಂತು ಪ್ರಾರ್ಥಿಸುವವರು ಈಗ ಕಡಿಮೆ. ಆದರೆ ಆ ಚೌಕವನ್ನು ನಾವು ಪ್ರಾರ್ಥನಾ ಕೂಟದ ಒಳಗೇ ತಂದುಕೊಂಡಿದ್ದೇವೆ. "ಕರ್ತನೇ, ಈ ಸಹೋದರನ ಮನೆಯಲ್ಲಿ ನಡೆದದ್ದೆಲ್ಲ ನಿನಗೆ ಗೊತ್ತಿದೆ" ಎಂದು ತೊಡಗುವ ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಅಲ್ಲಿಯವರೆಗೆ ಗೊತ್ತಿಲ್ಲದಿದ್ದವರಿಗೂ ಎಲ್ಲವೂ ಗೊತ್ತಾಗಿರುತ್ತದೆ. ಕಮಿಟಿಯಲ್ಲಿ ಮುಖಕ್ಕೆ ಮುಖ ಕೊಟ್ಟು ಹೇಳಲಾಗದ ಮಾತು, ಎಲ್ಲರೂ ಕಣ್ಣು ಮುಚ್ಚಿ ಕುಳಿತು ಯಾರಿಗೂ ಉತ್ತರ ಕೊಡುವ ಅವಕಾಶವಿಲ್ಲದ ಗಳಿಗೆಯಲ್ಲಿ, "ಅಂಥವರಿಗೆ ನೀನೇ ಬುದ್ಧಿ ಕಲಿಸು ತಂದೆಯೇ" ಎಂಬ ರೂಪ ತಾಳಿ ಹೊರಬೀಳುತ್ತದೆ. ಇಂಥ ಪ್ರಾರ್ಥನೆಯಲ್ಲಿ ಯಥಾರ್ಥತೆ ಇಲ್ಲವೆಂಬುದು ಮೇಲುನೋಟಕ್ಕೇ ತಿಳಿಯುತ್ತದೆ. ಭಯಭಕ್ತಿಯೂ ಇಲ್ಲವೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ದೇವರ ಹೆಸರನ್ನು ಅಂಚೆ ಚೀಟಿಯಂತೆ ಅಂಟಿಸಿ ಪಕ್ಕದವನಿಗೆ ಕಾಗದ ಕಳಿಸುವುದು, ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಬಾರದೆಂಬ ಮೂರನೆಯ ಆಜ್ಞೆಗೆ ಎಷ್ಟು ದೂರ? ಆ ಆಜ್ಞೆ ಬೈಗುಳಕ್ಕೆ ಮಾತ್ರ ಅನ್ವಯಿಸುತ್ತದೆಂದು ನಾವು ನೆಮ್ಮದಿಯಿಂದಿದ್ದೇವೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಒಮ್ಮೆ ಆರಾಧನೆಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದೆ. "ಸೇನಾಧೀಶ್ವರನಾದ ಯೆಹೋವನು ಪರಿಶುದ್ಧನು, ಪರಿಶುದ್ಧನು" ಎಂಬ ಮಾತು ಬಾಯಲ್ಲಿತ್ತು. ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಕೈ ತಾನಾಗಿ ಒಳಗೆ ಹೋಯಿತು. ಅರೆತೆರೆದ ಕಣ್ಣು ಪರದೆಯ ಮೇಲಿನ ಹೆಸರನ್ನು ಓದಿ ಮತ್ತೆ ಮುಚ್ಚಿಕೊಂಡಿತು. ಇಷ್ಟಾದರೂ ವಾಕ್ಯ ಎಲ್ಲೂ ತಡವರಿಸಲಿಲ್ಲ, ಸಭೆ ಆಮೆನ್ ಎಂದಿತು, ಪ್ರಾರ್ಥನೆ ಚೆನ್ನಾಗಿತ್ತೆಂದು ಹೊರಗೆ ಒಬ್ಬರು ಹೇಳಿದರು ಕೂಡ. ತಡವರಿಸದೆ ಹೋದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಯೆಶಾಯನ 6ನೇ ಅಧ್ಯಾಯದ ದರ್ಶನದಲ್ಲಿ ಸೆರಾಫಿಯರೆಂಬ ದೇವದೂತರು ಇದೇ ಮಾತನ್ನು ಕೂಗಿದಾಗ ದೇವಾಲಯದ ಹೊಸ್ತಿಲು ಕದಲಿತು, ಮಂದಿರದ ತುಂಬ ಧೂಮ ತುಂಬಿತು, ಪ್ರವಾದಿ ತನ್ನ ತುಟಿಗಳು ಹೊಲಸಾದವೆಂದು ಗೋಳಾಡಿದ. ನನ್ನ ಬಾಯಲ್ಲಿ ಆ ಮಾತಿಗೆ ಒಂದು ಮೊಬೈಲನ್ನು ತಡೆಯುವ ಶಕ್ತಿಯೂ ಉಳಿದಿರಲಿಲ್ಲ. ಈ ಜನರು ತುಟಿಗಳಿಂದ ನನ್ನನ್ನು ಸನ್ಮಾನಿಸುತ್ತಾರೆ, ಹೃದಯ ಮಾತ್ರ ನನಗೆ ದೂರ ಎಂಬ ಆಪಾದನೆ ಅದೇ ಪ್ರವಾದಿಯ ಗ್ರಂಥದ 29ನೇ ಅಧ್ಯಾಯದಲ್ಲಿದೆ. ಅದನ್ನು ಹಿಂದೆ ಎಷ್ಟೋ ಸಲ ಇನ್ನೊಬ್ಬರಿಗೆ ಓದಿ ಹೇಳಿದ್ದೆ.

ಹಾಗಾದರೆ ದೇವರ ಮುಂದೆ ನಡುಗುತ್ತಲೇ ನಿಲ್ಲಬೇಕೇ? ಈ ವಿಷಯದಲ್ಲಿ ನಮ್ಮ ಭಾಷೆ ನಮಗಿಂತ ಜಾಣ. ಅಧಿಕಾರಿಯನ್ನು "ನೀವು" ಎನ್ನುವವರು ಹೆತ್ತ ತಾಯಿಯನ್ನು "ನೀನು" ಎನ್ನುತ್ತೇವೆ, ದೇವರನ್ನೂ ಹಾಗೆಯೇ. ತಾಯಿಯ ಬಗ್ಗೆ ಗೌರವ ಕಡಿಮೆಯಾಗಿ ಏಕವಚನ ಬಂದದ್ದಲ್ಲ. (ಪ್ರಾರ್ಥನೆಯಲ್ಲಿ ಬಹುವಚನವೇ ಬಾಯಿಗೆ ಬರುವವರೂ ಇದ್ದಾರೆ, ಅವರೊಡನೆ ನನಗೆ ಜಗಳವಿಲ್ಲ.) "ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ" ಎಂಬ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಒಂದೇ ವಾಕ್ಯದಲ್ಲಿ ತಂದೆಯೇ ಎಂಬ ಸಲಿಗೆ, ಪರಲೋಕ ಎಂಬ ಎತ್ತರ, ನಿನ್ನ ಎಂಬ ಹತ್ತಿರ, ಪರಿಶುದ್ಧ ಎಂಬ ಅಂತರ ಎಲ್ಲವೂ ಸೇರಿಕೊಂಡಿವೆ. ಅಲ್ಲಿಯ ಕ್ರಮವನ್ನೂ ನೋಡಿ: ನಿನ್ನ ನಾಮ, ನಿನ್ನ ರಾಜ್ಯ, ನಿನ್ನ ಚಿತ್ತ ಎಂದು ಮೂರು ಬೇಡಿಕೆಗಳಾದ ಮೇಲೆಯೇ ನಮ್ಮ ಅನುದಿನದ ಆಹಾರ ಬರುತ್ತದೆ. ಬರುವುದಂತೂ ಬರುತ್ತದೆ, ದೊಡ್ಡವನ ಮುಂದೆ ಅನ್ನದ ಮಾತು ಸಣ್ಣದೆಂದು ಯೇಸು ಅದನ್ನು ಬಿಟ್ಟಿಲ್ಲ.

ಸತ್ಯವೇದದಲ್ಲಿರುವ, ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಎರಡೂ ಪಕ್ಷದವರು ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುವುದುಂಟು. ಧೈರ್ಯದಿಂದ ಕೃಪಾಸನದ ಮುಂದೆ ಬರೋಣ ಎನ್ನುವ 4ನೇ ಅಧ್ಯಾಯ ಒಬ್ಬರಿಗೆ. ನಮ್ಮ ದೇವರು ದಹಿಸುವ ಅಗ್ನಿ, ಆದ್ದರಿಂದ ಭಕ್ತಿಯಿಂದಲೂ ಭಯದಿಂದಲೂ ಆರಾಧಿಸೋಣ ಎನ್ನುವ 12ನೇ ಅಧ್ಯಾಯ ಇನ್ನೊಬ್ಬರಿಗೆ. ಇವೆರಡರ ನಡುವೆ 5ನೇ ಅಧ್ಯಾಯದ 7ನೇ ವಚನವಿದೆ. ಯೇಸು ತನ್ನನ್ನು ಮರಣದಿಂದ ಬಿಡಿಸಬಲ್ಲವನಿಗೆ ಬಲವಾಗಿ ಕೂಗುತ್ತ, ಕಣ್ಣೀರು ಸುರಿಸುತ್ತ ವಿಜ್ಞಾಪನೆ ಮಾಡಿದನೆಂದೂ ಆತನ ಭಯಭಕ್ತಿಯ ನಿಮಿತ್ತ ಆ ಮೊರೆ ಕೇಳಲ್ಪಟ್ಟಿತೆಂದೂ ಅದು ಹೇಳುತ್ತದೆ. ನಾವು ಭಯಭಕ್ತಿ ಎಂದೊಡನೆ ತಗ್ಗಿದ ದನಿ, ಜೋಡಿಸಿದ ಕೈ, ಅಲುಗದ ಮುಖ ಇವನ್ನೇ ಕಲ್ಪಿಸಿಕೊಳ್ಳುತ್ತೇವೆ. ಇಲ್ಲಿ ಭಯಭಕ್ತಿ ಎನಿಸಿಕೊಂಡದ್ದು ಕೂಗು ಮತ್ತು ಕಣ್ಣೀರು. ಸೆರೆಸಿಕ್ಕುವ ಮುನ್ನ ಗೆತ್ಸೇಮನೆ ತೋಟದಲ್ಲಿ ಆತನು "ಅಪ್ಪಾ" ಎಂದು ಕರೆದು, ಈ ಸಂಕಟದ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ನೇರವಾಗಿ ಕೇಳಿದ. ಬೇಡವೆನಿಸಿದ್ದನ್ನು ಬೇಕೆಂದು ನಟಿಸಲಿಲ್ಲ. ಆಮೇಲೆ, ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಆಗಲಿ ಎಂದ. ಮೊದಲ ಮಾತು ಹೇಳದೆ ಎರಡನೆಯದನ್ನು ಮಾತ್ರ ಹೇಳುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಕೇಳಬೇಕಾದದ್ದನ್ನು ಕೇಳುವ ಎದೆಯಿಲ್ಲದೆ, "ನಿನ್ನ ಚಿತ್ತ" ಎಂದು ಬಾಗಿಲು ಎಳೆದುಕೊಂಡು ಎದ್ದುಬಿಡುತ್ತೇವೆ. ಅದನ್ನು ಶರಣಾಗತಿ ಎಂದು ಕರೆಯಲು ನನಗೆ ಮನಸ್ಸು ಬಾರದು.

ಈ ಕಾರಣಕ್ಕೇ ಹಳೆಯ ಒಡಂಬಡಿಕೆಯ ಹನ್ನಳ ಕಥೆ ನನಗೆ ಮತ್ತೆ ಮತ್ತೆ ಬೇಕಾಗುತ್ತದೆ. ಮಕ್ಕಳಿಲ್ಲದ ಆಕೆ ದೇವಾಲಯದಲ್ಲಿ ತುಟಿಗಳನ್ನಷ್ಟೇ ಅಲುಗಿಸುತ್ತಿದ್ದಳು, ಧ್ವನಿ ಕೇಳಿಸುತ್ತಿರಲಿಲ್ಲ. ಯಾಜಕನಾದ ಏಲಿ ಕುಡಿದು ಬಂದಿದ್ದಾಳೆಂದು ಗದರಿಸಿದ. ಭಕ್ತಿಯ ಲಕ್ಷಣ ಬಲ್ಲ ವೃತ್ತಿಯವನಿಗೇ ಭಕ್ತಿ ಗುರುತಾಗಲಿಲ್ಲ. ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗ್ರಂಥವಂತೂ ಇನ್ನೂ ಖಾರವಾಗಿದೆ. ಅವನ ಗೆಳೆಯರು ದೇವರ ಪರವಾಗಿ, ದೇವರ ಬಗ್ಗೆ, ಒಂದು ಅಕ್ಷರವೂ ಒರಟಾಗದಂತೆ ಮಾತನಾಡುತ್ತಾರೆ. ಯೋಬನೋ ದೇವರನ್ನೇ ಕರೆದು ನ್ಯಾಯ ಕೇಳುತ್ತಾನೆ. ಕಡೆಗೆ 42ನೇ ಅಧ್ಯಾಯದಲ್ಲಿ ಯೆಹೋವನು ಸಿಟ್ಟಾಗುವುದು ಗೆಳೆಯರ ಮೇಲೆ. ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ. ಹಾಗೆಂದು ಯೋಬನೇನೂ ಸಲಿಗೆಯಲ್ಲೇ ನಿಲ್ಲಲಿಲ್ಲ. ದೇವರು ಬಿರುಗಾಳಿಯೊಳಗಿಂದ ಮಾತನಾಡಿದಾಗ ಬಾಯಿಯ ಮೇಲೆ ಕೈಯಿಟ್ಟುಕೊಂಡ.

ಬರೆದಿಟ್ಟ ಪ್ರಾರ್ಥನೆಗಳ ವಿಷಯಕ್ಕೆ ಬಂದರೆ, ಅವುಗಳನ್ನು ಜರೆಯುವವರು ಸತ್ಯವೇದದ 150 ಕೀರ್ತನೆಗಳೂ ಬರೆದಿಟ್ಟ ಪ್ರಾರ್ಥನೆಗಳೇ ಎಂಬುದನ್ನು ಮರೆಯುತ್ತಾರೆ. ಆಗ ತಾನೇ ಹುಟ್ಟಿದವೆಂದು ನಾವು ನಂಬಿಕೊಂಡಿರುವ ಪ್ರಾರ್ಥನೆಗಳಲ್ಲೂ ಪ್ರತಿ ಮೂರು ಮಾತಿಗೊಮ್ಮೆ ಬರುವ "ಕರ್ತನೇ", ಅಲ್ಪವಿರಾಮದ ಕೆಲಸವನ್ನಷ್ಟೇ ಮಾಡುತ್ತಿರುತ್ತದೆ. ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರ್‌ಗೆ ಪ್ರಾರ್ಥಿಸುವ ಬಗೆ ಹೇಗೆಂದು ಬರೆದುಕೊಟ್ಟ ಪುಟ್ಟ ಪುಸ್ತಕದಲ್ಲಿ, ಕರ್ತನ ಪ್ರಾರ್ಥನೆಯೇ ಭೂಮಿಯ ಮೇಲಿನ ಅತಿ ದೊಡ್ಡ ಹುತಾತ್ಮ, ಎಲ್ಲರೂ ಅದನ್ನು ಹಿಂಸಿಸುತ್ತಾರೆ ಎಂದಿದ್ದಾನೆ. ಅದಕ್ಕೆ ಮದ್ದಾಗಿ ಅವನು ಆ ಪ್ರಾರ್ಥನೆಯನ್ನು ಬಿಡಲು ಹೇಳಲಿಲ್ಲ. ಒಂದೊಂದು ಬೇಡಿಕೆಯನ್ನೂ ಹಿಡಿದು ನಿಧಾನಿಸಲು ಹೇಳಿದ. ಒಳ್ಳೆಯ ಕ್ಷೌರಿಕನ ಕಣ್ಣು ಮನಸ್ಸು ಎರಡೂ ಕತ್ತಿ ಮತ್ತು ಕೂದಲಿನ ಮೇಲಿರಬೇಕು, ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗೋ ಕುತ್ತಿಗೆಯೋ ಹೋದೀತು ಎಂದು ಪೀಟರನ ಕಸುಬನ್ನೇ ಎತ್ತಿ ತೋರಿಸಿದ. ಭಯಭಕ್ತಿಗೆ ಇಷ್ಟು ಕೈಗೆಟುಕುವ ವಿವರಣೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಮೊಣಕಾಲೂರುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಾನಿಯೇಲ ದಿನಕ್ಕೆ ಮೂರಾವರ್ತಿ ಮೊಣಕಾಲೂರಿದ, ದಾವೀದ ಯೆಹೋವನ ಸನ್ನಿಧಿಯಲ್ಲಿ ಕುಳಿತ, ಯೇಸು ಹೇಳಿದ ಸಾಮ್ಯದ ಸುಂಕದವನು ದೂರ ನಿಂತು ಎದೆ ಬಡಿದುಕೊಂಡ. ಕ್ರೈಸ್ತ ಬಿಷಪರು ಸೇರಿದ್ದ 325ರ ನಿಕೇಯ ಮಹಾಸಭೆ ಭಾನುವಾರಗಳಂದು ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕೆಂದು ನಿಯಮ ಮಾಡಿತು. ದೇಹಕ್ಕೂ ಪ್ರಾರ್ಥನೆಯಲ್ಲಿ ಪಾಲಿರಲಿ ಎಂಬುದಷ್ಟೇ ಇವೆಲ್ಲದರ ಅರ್ಥ.

ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ಎರಡೂ ಪತ್ರಗಳಲ್ಲಿ ಪ್ರಾರ್ಥನೆಯ ಹೊತ್ತಿನ ನಡೆಯಷ್ಟೇ ಚರ್ಚೆಯಾಗಿದೆ. ಸತ್ಯವೇದ ಅಲ್ಲಿಗೆ ಬಿಡುವುದಿಲ್ಲ. ಯಜ್ಞವೇದಿಯ ಬಳಿಗೆ ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗಿ ಮೊದಲು ರಾಜಿಯಾಗು ಎನ್ನುತ್ತಾನೆ ಯೇಸು. ಗಂಡಂದಿರು ಹೆಂಡಂದಿರಿಗೆ ಸಲ್ಲತಕ್ಕ ಮಾನವನ್ನು ಸಲ್ಲಿಸಬೇಕು, ಇಲ್ಲವಾದರೆ ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾಗುತ್ತದೆ ಎಂದು ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕುಟುಂಬ ಪ್ರಾರ್ಥನೆಗೆ ಐದು ನಿಮಿಷ ಮುಂಚೆ ಹೆಂಡತಿಯ ಮೇಲೆ ಕೂಗಾಡಿ, ದನಿ ಬದಲಿಸಿಕೊಂಡು "ಪ್ರೀತಿಸ್ವರೂಪನಾದ ತಂದೆಯೇ" ಎಂದು ತೊಡಗುವ ಗಂಡಸರು ಈ ವಾಕ್ಯದ ಮೇಲೆ ಪ್ರಸಂಗ ಕೇಳಿದ್ದು ಅಪರೂಪ. ಆ ಹೊತ್ತಿನಲ್ಲಿ ಮಕ್ಕಳು ಒಂದು ಕಣ್ಣು ತೆರೆದು ಅಪ್ಪನ ಮುಖ ನೋಡುತ್ತಿರುತ್ತಾರೆ.

ಕೆಲವು ತಿಂಗಳ ಹಿಂದೆ, ಬಹುಕಾಲದಿಂದ ಹಾಸಿಗೆ ಹಿಡಿದಿದ್ದ ವೃದ್ಧೆಯೊಬ್ಬರನ್ನು ನೋಡಲು ಸಭೆಯಿಂದ ಮೂವರು ಹೋಗಿದ್ದೆವು. ಪ್ರಾರ್ಥನೆ ಮಾಡೋಣವೇ ಎಂದಾಗ, ದಿಂಬಿಗೆ ಒರಗಿದ್ದ ಅವರು ಬೇಡವೆಂದರೂ ಕೇಳದೆ, ಮಂಚದ ಪಟ್ಟಿ ಹಿಡಿದು ಕಷ್ಟಪಟ್ಟು ನೆಟ್ಟಗೆ ಕುಳಿತರು. ನಾನು ಹತ್ತು ನಿಮಿಷ ಪ್ರಾರ್ಥಿಸಿದೆ. ವಚನಗಳನ್ನು ಸೇರಿಸಿದೆ, ಬಂದಿದ್ದ ಇಬ್ಬರಿಗೂ ಮನೆಯವರಿಗೂ ಧೈರ್ಯವಾಗಲೆಂದು ವಿಶ್ವಾಸದ ಮಾತುಗಳನ್ನೇ ಆಡಿದೆ. ಮುಗಿದ ಮೇಲೆ ಕಣ್ಣು ತೆರೆದರೆ ಅವರ ಕಣ್ಣು ಮುಚ್ಚಿಯೇ ಇತ್ತು. "ತಂದೆಯೇ, ರಾತ್ರಿ ಹೊತ್ತು ಭಯ ಆಗುತ್ತೆ. ನೀನಿದ್ದೀಯಲ್ಲ" ಎಂದು ಮೆಲ್ಲಗೆ ಹೇಳಿ ಸುಮ್ಮನಾದರು. ಆಮೆನ್ ಬರುತ್ತದೆಂದು ನಾವು ಕಾದೆವು. ಅವರು ಹೇಳಲಿಲ್ಲ, ಪಟ್ಟಿಯ ಮೇಲಿನ ಕೈ ತೆಗೆಯದೆ, ಕಿವಿಗೊಟ್ಟವರಂತೆ, ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದರು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ