ರಾಮಪತ್ರೆ ಜಡ್ಡಿಗಳ ಕಡತ ಎಲ್ಲಿದೆ?

ಮಾನ್ಯ ಸಂಪಾದಕರೇ,

ಉತ್ತರ ಕನ್ನಡದ ಕಾಡಿನ ಚರಿತ್ರೆ ಎಂದರೆ ಕಾಳಿ ನದಿಯಲ್ಲಿ ತೇಲಿಬಂದ ದಾಂಡೇಲಿಯ ತೇಗ ಎನ್ನುವಂತಾಗಿದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳಲ್ಲಿ, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ, ವರ್ಷವಿಡೀ ನೀರು ಜಿನುಗುವ ಆ ಜೌಗು ಕಾಡುಗಳಲ್ಲಿ, ಯಾವ ಮರ ಎಂದು ಉರುಳಿತು ಎಂಬುದನ್ನು ಬರೆದವರು ತೀರಾ ಕಡಿಮೆ. ಬೆಂಗಳೂರಿನ ಕಡತಗಳಲ್ಲಷ್ಟೇ ಹುಡುಕಿದರೆ ಇದು ಸಿಗುವುದೂ ಇಲ್ಲ.

ಕಾರಣ ಗಡಿ. ಈ ಸೀಮೆ 1799ರಿಂದ ಮದ್ರಾಸ್ ಆಡಳಿತದಲ್ಲಿತ್ತು, 1862ರಲ್ಲಿ ಮುಂಬಯಿಗೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಪಕ್ಕದ ಸಾಗರ ಮಾತ್ರ 1799ರ ನಂತರವೂ ಮೈಸೂರಿನಲ್ಲೇ ಉಳಿಯಿತು. ಆದ್ದರಿಂದ ಹಳೆಯ ಕಂದಾಯ ಪತ್ರಗಳಿಗೆ ಚೆನ್ನೈನ ಎಗ್ಮೋರ್ ಪತ್ರಾಗಾರ, ನಂತರದ ಅರಣ್ಯ ವರದಿಗಳಿಗೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಪತ್ರಾಗಾರ ನೋಡಬೇಕು. ಹೊರಡುವ ಮೊದಲು 1883ರ ಮುಂಬಯಿ ಗೆಜೆಟಿಯರ್‌ನ 15ನೇ ಸಂಪುಟ ಓದಿಕೊಂಡರೆ ಅಂದಿನ ಊರು, ಘಟ್ಟ, ಇಲಾಖೆಗಳ ಹೆಸರು ಕೈಗೆ ಸಿಗುತ್ತವೆ. ಅವು ಗೊತ್ತಿಲ್ಲದೆ ಸೂಚಿ ತಿರುವಿದರೆ ದಿನಗಳು ವ್ಯರ್ಥ.

ಊರಲ್ಲಿ ಗ್ರಾಮ ನಕಾಶೆ, ಟಿಪ್ಪಣಿ (ಸರ್ವೆಯ ಅಳತೆ ನಕ್ಷೆ), ಆಕಾರಬಂದ್‌ನಿಂದ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಶುರುಮಾಡಿ. ಕಂದಾಯದ ಸರ್ವೆ ನಂಬರೇ ಬೇರೆ, ಅರಣ್ಯ ಇಲಾಖೆ ಕಾಡನ್ನು ವಿಂಗಡಿಸಿ ಕೊಟ್ಟ ಕಂಪಾರ್ಟ್‌ಮೆಂಟ್ ನಂಬರೇ ಬೇರೆ. ಎರಡನ್ನೂ ಸರ್ವೆ ಆಫ್ ಇಂಡಿಯಾದ 48 ಜೆ ನಕ್ಷೆ ಹಾಳೆಗಳ ಮೇಲೆ ಕೂರಿಸದಿದ್ದರೆ ಒಂದು ಜಡ್ಡಿಯ ಲೆಕ್ಕ ಇನ್ನೊಂದರ ತಲೆಗೆ ಬೀಳುತ್ತದೆ. ಅರಣ್ಯದ ಕಾರ್ಯಯೋಜನೆಯಲ್ಲಿ ಇರುವುದು ಎಷ್ಟು ಕಡಿಯಬೇಕು ಎಂಬುದು. ಕಡಿದದ್ದೆಷ್ಟು ಎಂದು ತಿಳಿಯಲು ಡಿಪೊ ರಿಜಿಸ್ಟರ್, ಸಾಗಣೆ ಪಾಸು ಬೇಕು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಬಳಿ ಜನ ಮರ ಅಪ್ಪಿಕೊಂಡದ್ದರ ಹಿಂದೆಯೂ ಈ ಅಂತರದ ಸಿಟ್ಟಿತ್ತು.

ಅಳತೆಯಲ್ಲೂ ಎಚ್ಚರ ಬೇಕು. ಹಳೆಯ ದಿಮ್ಮಿ ಲೆಕ್ಕ ಸಾಮಾನ್ಯವಾಗಿ ಹಾಪಸ್ ಪದ್ಧತಿಯದು: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು. 8 ಅಡಿ ಸುತ್ತಳತೆ, 20 ಅಡಿ ಉದ್ದದ ದಿಮ್ಮಿ ಪುಸ್ತಕದಲ್ಲಿ 80 ಘನ ಅಡಿ. ನಿಜವಾದ ಗಾತ್ರ ಸುಮಾರು 102. ಇದನ್ನು ಮರೆತು ಘನಮೀಟರಿಗೆ ಇಳಿಸಿದರೆ ಐದನೇ ಒಂದು ಭಾಗ ಮರವೇ ಚರಿತ್ರೆಯಿಂದ ಮಾಯ. ಮರದ ಹಳೆಯ ಅಳತೆಯಾದ ‘ಖಂಡಿ’ ಕಂಡಲ್ಲಿ ಆ ಕಡತದ ಅಡಿಟಿಪ್ಪಣಿ ನೋಡದೆ ಮುಂದೆ ಹೋಗಬೇಡಿ.

ಜಡ್ಡಿಗೆ ಇಳಿಯಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಮೆದು ಮರದ ಬುಡ ಕೆಲವೇ ದಶಕಗಳಲ್ಲಿ ಕರಗಿಹೋಗುತ್ತದೆ, ಅದನ್ನು ನಂಬಿ ಕೂರುವಂತಿಲ್ಲ. ಗಾಡಿದಾರಿಯ ತಗ್ಗು, ದಿಮ್ಮಿ ಎಳೆದ ಓಣಿ, ಕೆಸರಿನಡಿ ನೇರವಾಗಿ ಸಾಗುವ ಕಾಲುವೆ, ಗದ್ದೆಯ ಹಾಳಿ (ಬದು) ಗುರುತಿಸಿ. ನೇರ ಗೆರೆ ಕಂಡರೆ ಅಲ್ಲಿ ಹಿಂದೆ ಗದ್ದೆಯೋ ತೋಟವೋ ಇದ್ದಿರಬಹುದು. ಮಂಡಿ ಮಡಚಿದಂತೆ ಮೇಲೆದ್ದ ಬೇರುಗಳ ನಡುವೆ ಸಸಿಗಳಿರುತ್ತವೆ, ನೋಡಿ ಕಾಲಿಡಿ. ರಾಮಪತ್ರೆ ಜಾತಿಯ ಬೀಜ ಒಣಗಿದರೆ ಮೊಳೆಯುವುದಿಲ್ಲ. ನೆರಳು ಕಡಿದು ಬಿಸಿಲು ಬಿದ್ದ ಜಡ್ಡಿ ತಾನಾಗಿ ಮರಳದಿರುವುದು ಅದಕ್ಕೇ.

ತಾಲ್ಲೂಕು ಕಚೇರಿಗಳ ನಕಾಶೆಗಳು ಮಡಿಕೆಯಲ್ಲೇ ಹರಿಯುತ್ತಿವೆ, ಹರಿದಲ್ಲಿ ಸರ್ವೆ ನಂಬರೂ ಹೋಗುತ್ತದೆ. ಸ್ಕ್ಯಾನ್ ಆಗುವವರೆಗೆ, ಅನುಮತಿ ಪಡೆದು ಫೋಟೊ ತೆಗೆಯುವವರು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಕಡತದ ಸಂಖ್ಯೆಯೂ ಚೌಕಟ್ಟಿನೊಳಗೆ ಬರುವಂತೆ ತೆಗೆಯಲಿ.

— ಸಿದ್ದಾಪುರ ತಾಲ್ಲೂಕಿನ ಓದುಗರು