ಹಸೆಗೋಡೆಯ ಮುಂದೆ ಕೂರುವ ಮೊದಲು

ಸಾಗರ
ಭಾದ್ರಪದ ಬಹುಳ

ಚಿ. ಸುಮನಾಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಕೊನೆಯ ಮಾತೊಂದು ಮನಸ್ಸಿನಲ್ಲಿ ಕೊರೆಯುತ್ತಿದೆ. ಕಲಾವಿದರ ರೆಸಿಡೆನ್ಸಿಗೆಂದು ನಮ್ಮ ಕಡೆ ಬಂದು ಇರುವ ಐದು ವಾರದಲ್ಲಿ ಇಲ್ಲಿಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ, ಬುಟ್ಟಿಗೆ ಬರೆಯುವ ಚಿತ್ತಾರ ನೋಡಿ, ಅದನ್ನೇ ಬೆಂಗಳೂರಿನ ಗ್ಯಾಲರಿಯಲ್ಲಿ ತೂಗುಹಾಕಿದರೆ ಕಳ್ಳತನವಾಗುವುದಿಲ್ಲವೇ, ಅದಕ್ಕೇ ಮಳೆ, ಮಂಜು ಅಷ್ಟನ್ನೇ ಬಿಡಿಸುತ್ತೇನೆ ಎಂದಿದ್ದೀಯ.

ಭಯ ಸುಳ್ಳಲ್ಲ. ಆದರೆ ಅದಕ್ಕೆ ಹೆದರಿ ಮಂಜಿನೊಳಗೆ ಹೋಗಿ ಅವಿತುಕೊಳ್ಳುವುದು ನನಗೆ ಸರಿಕಾಣಲಿಲ್ಲ. ಮಂಜು ಬಿಡಿಸಲು ಯಾರನ್ನೂ ಕೇಳಬೇಕಿಲ್ಲ, ಯಾರ ಜಗಲಿಯನ್ನೂ ಹತ್ತಬೇಕಿಲ್ಲ. ಅಂಥ ಚಿತ್ರ ಮಡಿಕೇರಿಯಲ್ಲಿ ಕೂತರೂ ಆಗುತ್ತದೆ, ಊಟಿಯಲ್ಲಿ ಕೂತರೂ ಆಗುತ್ತದೆ.

ನೀನು ಬರುವುದು ನವರಾತ್ರಿಗೆ. ವಿಜಯದಶಮಿಯ ಬೆನ್ನಿಗೇ ಸೀಗೆ ಹುಣ್ಣಿಮೆ, ಅದೇ ಭೂಮಿ ಹುಣ್ಣಿಮೆ. ಅಷ್ಟರೊಳಗೆ, ಅಂದು ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವ ಕೆಲಸ ನಡೆದಿರುತ್ತದೆ. ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು, ಅದೂ ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆ. ಹೋದವಳೇ ಕ್ಯಾಮರಾ ತೆಗೆಯಬೇಡ. ಅಕ್ಕಿ ರುಬ್ಬುವ ಕೆಲಸ ಕೇಳಿ ತೆಗೆದುಕೋ. ರಾತ್ರಿ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ತೆಳು ಬಟ್ಟೆಯಲ್ಲಿ ಸೋಸಬೇಕು. ದಪ್ಪವಾದರೆ ಒಣಗಿದ ಮೇಲೆ ಸೀಳಿ ಚಕ್ಕೆ ಏಳುತ್ತದೆ, ನೀರಾದರೆ ಕೆಂಪಿನೊಳಗೆ ಇಂಗಿಹೋಗುತ್ತದೆ. ಹಸಿ ಇದ್ದಾಗ ಮಂಕಾಗಿಯೇ ಕಾಣುತ್ತದೆ, ಬಿಳುಪು ಬರುವುದು ಒಣಗಿದ ಮೇಲೆ. ಗಾಬರಿಯಾಗಿ ಎರಡನೇ ಸಲ ಎಳೆದರೆ ಗೆರೆ ದಪ್ಪಗಾಗುತ್ತದೆ. ಒಂದು ಹಿಡಿಗಿಂತ ಹೆಚ್ಚು ಅಕ್ಕಿ ಹಾಕಬೇಡ, ಈ ತೇವಕ್ಕೆ ಮರುದಿನವೇ ಹುಳಿ ಬರುತ್ತದೆ. ಕುಂಚ ಪುಂಡಿ ನಾರಿನದು. ನಾರು ಕಡಿಮೆಯಿದ್ದಷ್ಟೂ ಎಳೆ ಸಣ್ಣ. ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಮರದ ಬೀಜ.

ಮತ್ತೆ ನಿನ್ನ ಭಯಕ್ಕೇ ಬಂದೆ. ಎಳೆ ಎಳೆಯುವ ಹದ ಕಲಿತರೆ ಯಾರದ್ದೂ ಕಳೆದುಹೋಗುವುದಿಲ್ಲ. ಆದರೆ ದಂಡಿಗೆ ಅಂದರೆ ಪಲ್ಲಕ್ಕಿ, ಬಾಸಿಂಗ ಈ ಚಿತ್ತಾರಗಳೆಲ್ಲ ಮದುವೆಯ ಹಸೆಗೋಡೆಯವು, ಮದುಮಕ್ಕಳು ಕೂರುವ ಜಾಗದವು. ಅವನ್ನು ಕಿತ್ತು ನಿನ್ನ ಕ್ಯಾನ್ವಾಸಿಗೆ ಅಂಟಿಸಬೇಡ. ಬೇಕೇ ಬೇಕೆನ್ನಿಸಿದರೆ ಬರೆಯಬಲ್ಲವಳೇ ಬರೆಯಲಿ, ಅವಳ ಹೆಸರು ನಿನ್ನ ಹೆಸರಿನ ಪಕ್ಕದಲ್ಲಿ ಅದೇ ಗಾತ್ರದ ಅಕ್ಷರದಲ್ಲಿರಲಿ. ದಿನಗೂಲಿಯನ್ನು ಸಾಮಗ್ರಿಯ ಹಣದಲ್ಲೇ ತೆಗೆದಿಡು. ಚಿತ್ರ ಮಾರಾಟವಾದರೆ ಅವಳ ಪಾಲೆಷ್ಟು ಎನ್ನುವುದನ್ನು ಕೆಲಸಕ್ಕೆ ಮೊದಲೇ ಕಾಗದದಲ್ಲಿ ಬರೆದು, ರೆಸಿಡೆನ್ಸಿಯವರಿಂದಲೂ ಸಹಿ ಹಾಕಿಸು. ದುಡ್ಡಿನ ಮಾತು ಎತ್ತಲು ನಾಚಿಕೆಯಾಗುತ್ತದೆ, ಗೊತ್ತು. ನಾಚಿಕೊಂಡು ಸುಮ್ಮನಾದಾಗಲೇ ನೀನು ಹೆದರಿದ್ದು ನಡೆದುಹೋಗುತ್ತದೆ.

ನನ್ನ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಚಿತ್ರಕ್ಕೆಂದೇ ಐದು ವಾರ ಬಿಡುವು ಯಾರು ಕೊಡುತ್ತಿದ್ದರು? ಡ್ರಾಯಿಂಗ್ ಟೀಚರಾಗಿ ಸರ್ವೀಸು ಮುಗಿಸಿದವಳ ಕೊರಗು ಅಂದುಕೋ. ಅದಕ್ಕೇ ನೀನು ಬರೀ ಹೆದರಿಕೆಯಲ್ಲಿ ಆ ದಿನಗಳನ್ನು ಕಳೆಯುತ್ತೀಯೇನೋ ಎಂದು ಸಂಕಟ.

ನಿನ್ನದೇ ಬಣ್ಣ ಮಾಡಿಕೊಳ್ಳುವುದಾದರೆ, ಧರೆ ಕಡಿದಲ್ಲಿಯ ಕೆಮ್ಮಣ್ಣನ್ನು ಜಾಗದವರನ್ನು ಕೇಳಿ ತಾ. ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಬಕೆಟ್ಟಿನ ನೀರಿನಲ್ಲಿ ಕಲಕು. ಮರಳು ತಳ ಹಿಡಿದ ಕೂಡಲೇ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಡು. ತಳದಲ್ಲಿ ಕೂತ ನುಣುಪು ಕೆಸರೇ ಬಣ್ಣ. ಗೋಡೆಗೆ ಅಷ್ಟೇ ಸಾಕು, ಕಾಗದಕ್ಕೆ ಗೋಂದು ಬೇಕು: ಒಂದು ಪಾಲು ಗೋಂದು, ಎರಡು ಪಾಲು ನೀರು, ರಾತ್ರಿ ನೆನೆಸಿ ಸೋಸಿದ್ದು. ಬೂಷ್ಟು ಬರದಂತೆ ಎರಡು ಲವಂಗ ಹಾಕಿಡು. ಗೋಂದು ಕಡಿಮೆಯಾದರೆ ಬೆರಳಿಗೆ ಪುಡಿ ಹತ್ತುತ್ತದೆ, ಜಾಸ್ತಿಯಾದರೆ ಹೊಳೆದು ಬಿರುಕು ಬಿಡುತ್ತದೆ. ಮೊದಲು ಚೂರು ಕಾಗದದಲ್ಲಿ ನೋಡು.

ಕಾಗದವನ್ನು ಹಾಗೇ ಮೇಜಿನ ಮೇಲೆ ಬಿಡಬೇಡ. ಥಂಡಿ ಕುಡಿದರೆ ಮೇಲಿನ ಅಂಟು ಹಾಳಾಗಿ ಬಣ್ಣ ಒತ್ತುಕಾಗದದಲ್ಲಿ ಹೀರಿದಂತೆ ಹರಡುತ್ತದೆ. ಸಿಲಿಕಾ ಜೆಲ್ ಹಾಕಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡು. ಒಲೆಯ ಮೇಲಿನ ಅಟ್ಟದಲ್ಲಿಡು ಎಂದು ಯಾರಾದರೂ ಹೇಳುತ್ತಾರೆ. ಒಣಗುವುದೇನೋ ನಿಜ, ಹೊಗೆಗೆ ಹಳದಿಯಾಗುತ್ತದೆ.

ನೀನು ಹೊರಡುವ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಒಳ್ಳೆಯ ಕಂದು. ಹೆಗ್ಗೋಡಿನ ಚರಕ ಎಂಬ ಕೈಮಗ್ಗದ ಸಂಘದವರು ಬಟ್ಟೆಗೆ ಕಟ್ಟುವ ಬಣ್ಣಗಳಲ್ಲಿ ಅದೂ ಒಂದು. ಬೆಳೆಗಾರರಿಗೂ ಅಡಿಕೆಗೆ ಬಣ್ಣ ಕೊಡಲು ಬೇಕಾದದ್ದು, ಪುಕ್ಕಟೆ ಅಂದುಕೊಳ್ಳಬೇಡ. ತುಕ್ಕಿನ ಮೊಳೆ ನೆನೆಸಿದ ನೀರು ಸೇರಿಸಿದರೆ ಕಪ್ಪಾಗುತ್ತದೆ, ಆದರೆ ಕಬ್ಬಿಣ ಹೆಚ್ಚಾದರೆ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಮಾರುವ ಚಿತ್ರಕ್ಕೆ ಬೇಡ.

ಶರಾವತಿಯ ಹಿನ್ನೀರಿನ ಬಗ್ಗೆಯೂ ಕೇಳಿದ್ದೀಯ. 1948ರ ಹಿರೇಭಾಸ್ಕರ ಅಣೆಕಟ್ಟು 1964ರ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದೆ. ಕಡುಬೇಸಿಗೆಯಲ್ಲಿ ನೀರು ಪೂರ ಇಳಿದರೆ ಮಾತ್ರ ಕಾಣುತ್ತದೆ, ನವರಾತ್ರಿಯಲ್ಲಿ ಸಿಗುವುದಿಲ್ಲ. ಆ ನೀರಿಗೆ ಮನೆ ಬಿಟ್ಟುಬಂದ ಎಷ್ಟೋ ಕುಟುಂಬಗಳು ಇವತ್ತಿಗೂ ಜಮೀನಿನ ಹಕ್ಕಿಗಾಗಿ ಅಲೆಯುತ್ತಿವೆ. ಇಲ್ಲಿ ಮಾತ್ರ ನಿನ್ನ ಭಯಕ್ಕೆ ನನ್ನ ಪೂರ್ತಿ ಒಪ್ಪಿಗೆ. ಐದು ವಾರದಲ್ಲಿ ಅದಕ್ಕೆ ಕೈಹಾಕಬೇಡ. ಬೇಕಾದರೆ ಬೇಸಿಗೆಗೆ ಮತ್ತೆ ಬಾ, ರೆಸಿಡೆನ್ಸಿ ಇಲ್ಲದೆಯೂ ಬಾ.

ಒಂದು ಮಾತ್ರ ಹಟಮಾಡದೆ ಕೇಳು. ದರಗು, ಒಣ ಎಲೆ ಬಾಚಿ ತಂದು ಕೋಣೆಯಲ್ಲಿ ಹರಡಿಕೊಂಡು ಕೂರಬೇಡ. ಮಂಗನ ಕಾಯಿಲೆ ಹರಡುವ ಉಣುಗು ಇರುವುದು ಅದರಲ್ಲೇ. ಆ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಸೊರಬದ ಕ್ಯಾಸನೂರಿನಲ್ಲಿ. ಜೋರಾಗುವುದು ಡಿಸೆಂಬರಿನ ನಂತರ, ಆದರೂ ಕಾಡಿಗೆ ಹೋಗುವಾಗ ತುಂಬುತೋಳಿನ ಬಟ್ಟೆ ಹಾಕು, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸು, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆ ಒಗೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳು.

ಇಂತಿ,
ನಿನ್ನ ದೊಡ್ಡಮ್ಮ